ಎರಡು ಪೆಟ್ಟಿಗೆ, ಒಂದು ಮೇಲಿನ ಸಾಲು

ಕೇಳುಗರ ಸಂಘದ ಅಧ್ಯಕ್ಷರೇ, ಈ ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟ ಕಾರ್ಯದರ್ಶಿಗಳೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ಹಲ್ಲಿನ ಡಾಕ್ಟರೇ, ಅವರಿಂದ ಸಾಧ್ಯವಾದಷ್ಟು ದೂರದಲ್ಲಿ ಕುಳಿತಿರುವ ಪ್ರೆಸ್ಸಿನ ಯಜಮಾನರೇ, ನನ್ನ ಅಜ್ಜಿಯವರೇ, ಸ್ವಲ್ಪ ಉಸಿರು ತೆಗೆದುಕೊಂಡು ಹೇಳುತ್ತೇನೆ, ನನ್ನ ಚಿಕ್ಕಜ್ಜಿಯವರೇ, ಕುರ್ಚಿ ಸಿಕ್ಕವರೇ, ಸಿಕ್ಕರೂ ಕೂರದೆ ಗೋಡೆಗೆ ಒರಗಿದವರೇ, ಎಲ್ಲ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಉನ್ನತ ದರ್ಜೆಯ ಡಿಜಿಟಲ್ ಧ್ವನಿ ಉಪಕರಣಗಳ ಆಯ್ಕೆ ಮತ್ತು ಮೌಲ್ಯಮಾಪನ’. ಇದನ್ನು ಆಮಂತ್ರಣದಲ್ಲಿ ಓದಿ ನಾನೇ ಹೆದರಿದೆ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು. ಮೌಲ್ಯಮಾಪನ ಅಂದ ತಕ್ಷಣ ನನಗೆ ಗಣಿತದ ಉತ್ತರ ಪತ್ರಿಕೆ ನೆನಪಾಗುತ್ತದೆ. ಆ ನೆನಪು ಈ ಸಭೆಯ ಮರ್ಯಾದೆಗೆ ತಕ್ಕದ್ದಲ್ಲ.

ಕಾರ್ಯದರ್ಶಿಗಳು ಇನ್ನೂ ಒಂದು ಕೆಲಸ ವಹಿಸಿದ್ದಾರೆ. ಭಾಷಣದ ಕೊನೆಗೆ, ಸಂಘದ ಹೊಸ ಯಂತ್ರದಲ್ಲಿ ಮೊದಲ ಹಾಡು ಹಾಕುವ ಮುಂಚೆ, ಆ ಹಾಡಿನಲ್ಲಿ ದನಿ ಏರುವ ಮೇಲಿನ ಸಾಲನ್ನು ಹಾಡಿದವರು ಯಾರು ಎಂದು ನಾನು ಹೆಸರು ಹೇಳಬೇಕು. ಯಂತ್ರ ಆರಿಸಿದ್ದು ನಾವು ಮೂವರು: ಡಾಕ್ಟರು, ಪ್ರೆಸ್ಸಿನ ಯಜಮಾನರು, ನಾನು. ಆದರೆ ಹೆಸರು ಹೇಳುವ ಕೆಲಸ ಬಂದಾಗ ಅವರಿಬ್ಬರೂ ಜೀವಮಾನದಲ್ಲಿ ಮೊದಲ ಸಲ ಒಮ್ಮತಕ್ಕೆ ಬಂದರು. “ನೀನು ಮೊಮ್ಮಗ, ನೀನೇ ಹೇಳು” ಅಂದರು.

ಮೊದಲು ವಿಷಯಕ್ಕೆ ಬರುತ್ತೇನೆ. ಸ್ಟ್ರೀಮರ್ ಅಂದರೇನು, ಕನ್ವರ್ಟರ್ ಅಂದರೇನು? ಹಾಡು ಈಗ ಅಂಕಿಗಳಾಗಿ ಬರುತ್ತದೆ. ಇಂಟರ್ನೆಟ್ಟಿನಿಂದಲೋ ಮನೆಯ ಕಂಪ್ಯೂಟರಿನಿಂದಲೋ ಆ ಅಂಕಿಗಳನ್ನು ತರುವುದು ಸ್ಟ್ರೀಮರ್. ತಂದದ್ದನ್ನು ಸ್ಪೀಕರಿಗೆ ದಾಟಿಸಬಹುದಾದ ವಿದ್ಯುತ್ತಿನ ಅಲೆಯಾಗಿ ಮಾಡುವುದು ಕನ್ವರ್ಟರ್. ನಮ್ಮ ಸಂಘದಲ್ಲಿ ವರದಿಯನ್ನು ಕಾರ್ಯದರ್ಶಿಗಳು ತರುತ್ತಾರೆ, ಅಧ್ಯಕ್ಷರು ಓದಿ ಹೇಳುತ್ತಾರಲ್ಲ, ಹಾಗೆ. ಕೆಲವು ಯಂತ್ರಗಳಲ್ಲಿ ಎರಡು ಕೆಲಸಕ್ಕೂ ಒಂದೇ ಪೆಟ್ಟಿಗೆ. ಕೆಲವರು ಎರಡನ್ನೂ ಬೇರೆ ಇಡುತ್ತಾರೆ.

ನಮ್ಮ ಮುಂದೆ ಬಂದದ್ದು ಎರಡು. ಒಂದು ಬೆಳ್ಳಿ ಬಣ್ಣದ್ದು, ಎಲ್ಲವೂ ಒಂದರಲ್ಲೇ. ಇನ್ನೊಂದು ಕರಿಯದು, ಎರಡು ಪೆಟ್ಟಿಗೆಯ ಜೋಡಿ. ಬೆಳ್ಳಿಯದರ ಕಡೆ ಯಜಮಾನರು, ಕರಿಯದರ ಕಡೆ ಡಾಕ್ಟರು. ಇವರಿಬ್ಬರೂ ಹಳೆಯ ಸ್ನೇಹಿತರು. ಒಬ್ಬರ ಹಲ್ಲು ಇನ್ನೊಬ್ಬರು ಕಿತ್ತಿದ್ದಾರೆ, ಒಬ್ಬರ ಔಷಧದ ಚೀಟಿಪುಸ್ತಕ ಇನ್ನೊಬ್ಬರು ಅಚ್ಚು ಹಾಕಿದ್ದಾರೆ. ಪೆಟ್ಟಿಗೆ ವಿಷಯ ಬಂದ ಮೇಲೆ ಚಹಾ ಅಂಗಡಿಯಲ್ಲೂ ಬೇರೆ ಬೇರೆ ಬೆಂಚು.

ಇಷ್ಟು ದೊಡ್ಡ ಯಂತ್ರ ನಮ್ಮ ಸಂಘಕ್ಕೆ ಯಾಕೆ ಬೇಕಾಯಿತು? ಕಾರಣ ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದ ಅರ್ಧಕ್ಕೆ ನಾನು ಹೇಳಬೇಕು.

ನನ್ನ ಅಜ್ಜಿ ಮತ್ತು ಚಿಕ್ಕಜ್ಜಿ ಅಕ್ಕ ತಂಗಿಯರು. ಹರೆಯದಲ್ಲಿ ಜೋಡಿಯಾಗಿ ಹಾಡುತ್ತಿದ್ದರು. ಇಬ್ಬರ ದನಿ ಎಷ್ಟು ಒಂದೇ ಎಂದರೆ, ಅವರ ಅಮ್ಮನೇ ಒಳಕೋಣೆಯಿಂದ ಕರೆಯುವಾಗ ಇಬ್ಬರ ಹೆಸರನ್ನೂ ಕೂಗುತ್ತಿದ್ದರಂತೆ, ಯಾರೋ ಒಬ್ಬರು ಓಗೊಡಲಿ ಎಂದು. ಅವರ ಒಂದೇ ಒಂದು ಧ್ವನಿಮುದ್ರಣ ಉಳಿದಿದೆ. ಶಾಲೆಯೊಂದರ ಸಭಾಂಗಣ, ಮಧ್ಯದಲ್ಲಿ ಒಂದು ಮೈಕು, ಒಂದು ಟೇಪು. ಹಾಡಿನ ಕೊನೆಗೆ ಒಂದು ಸಾಲು ಬರುತ್ತದೆ. ಅಲ್ಲಿ ಒಂದು ದನಿ ನಿಂತುಬಿಡುತ್ತದೆ, ಇನ್ನೊಂದು ಒಂಟಿಯಾಗಿ ಮೇಲಕ್ಕೆ ಹೋಗುತ್ತದೆ. ಹೋಗುತ್ತಲೇ ಇರುತ್ತದೆ. ಕೇಳುವವರು ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ. ಆ ಸಾಲನ್ನು ಇವರು ಸರದಿಯ ಮೇಲೆ ಹಾಡುತ್ತಿದ್ದರಂತೆ, ಒಂದು ಸಭೆಯಲ್ಲಿ ಅಕ್ಕ, ಮುಂದಿನದರಲ್ಲಿ ತಂಗಿ. ಟೇಪು ಮಾಡಿದ ದಿನ ಯಾರ ಸರದಿ?

ಅದೇ ಪ್ರಶ್ನೆ. ಆಮೇಲೊಂದು ಸಮಾರಂಭದಲ್ಲಿ ಆ ಟೇಪು ಹಾಕಿ, ಆ ಸಾಲು ಹಾಡಿದವರಿಗೆ ಎಂದು ಯಾರೋ ಒಂದು ಹೂಗುಚ್ಛ ತಂದರು. ಒಂದೇ ಒಂದು. ಅಜ್ಜಿ ಎದ್ದು ಹೋಗಿ ತೆಗೆದುಕೊಂಡರು. ಚಿಕ್ಕಜ್ಜಿಯೂ ಅರ್ಧ ಎದ್ದಿದ್ದರು. ಅರ್ಧ ಎದ್ದವರು ಮತ್ತೆ ಕೂರಲಿಲ್ಲ, ನೆಟ್ಟಗೆ ಮನೆಗೆ ನಡೆದರು. ಅಲ್ಲಿಂದ ಇಲ್ಲಿಯವರೆಗೆ ಮಾತಿಲ್ಲ. ಜೋಡಿ ಹಾಡೂ ಇಲ್ಲ. ಇದೆಲ್ಲ ನಾನು ಹುಟ್ಟುವುದಕ್ಕೆ ಮೊದಲಿನದು. ದಯವಿಟ್ಟು ಗಮನಿಸಿ, ನಮ್ಮ ಕಾರ್ಯದರ್ಶಿಗಳು ಈ ಸಲ ಎರಡು ಹೂಗುಚ್ಛ ತಂದಿದ್ದಾರೆ. ಅನುಭವ ಅಂದರೆ ಇದು.

ನನ್ನ ಅಮ್ಮ ನರ್ಸು, ಪಾಳಿ ಕೆಲಸ. ಹಾಗಾಗಿ ನಾನು ಬೆಳೆದದ್ದು ಬೆಳಿಗ್ಗೆ ಅಜ್ಜಿಯ ಮನೆಯಲ್ಲಿ, ಮಧ್ಯಾಹ್ನ ಚಿಕ್ಕಜ್ಜಿಯ ಮನೆಯಲ್ಲಿ. ನಡುವೆ ಒಂದು ಬೀದಿ, ಒಂದು ಲಾಂಡ್ರಿ, ಒಂದು ಸೈಕಲ್ ರಿಪೇರಿ ಅಂಗಡಿ. ಅಜ್ಜಿ ಕೇಳುತ್ತಿದ್ದರು:

“ಅಲ್ಲಿ ಏನು ತಿಂದೆ?”

“ಅನ್ನ ಸಾರು.”

“ಸಾರಿಗೆ ಉಪ್ಪು ಹಾಕಿದ್ಲಾ, ಇಲ್ಲಾ ಅದನ್ನೂ ಮರೆತಿದ್ಲಾ?”

ಮಧ್ಯಾಹ್ನ ಚಿಕ್ಕಜ್ಜಿ ಕೇಳುತ್ತಿದ್ದರು: “ನಿಮ್ಮಜ್ಜಿ ಮಂಡಿನೋವು ಹೇಗಿದೆ ಅಂತ ನಾನೇನು ಕೇಳ್ತಿಲ್ಲ. ನೀನಾಗೇ ಹೇಳೋದಿದ್ರೆ ಹೇಳು.”

ಇಬ್ಬರೂ ಕೆಲಸ ಮಾಡುತ್ತ ಅದೇ ಹಾಡನ್ನು ಗುನುಗುತ್ತಿದ್ದರು. ಇಬ್ಬರೂ ಆ ಸಾಲಿನ ಹತ್ತಿರ ಬಂದು ನಿಲ್ಲಿಸುತ್ತಿದ್ದರು. ಪಾತ್ರೆ ಜೋರಾಗಿ ಇಡುತ್ತಿದ್ದರು, ಇಲ್ಲವೇ ನನ್ನನ್ನು ಬೈಯುತ್ತಿದ್ದರು. ಹಾಡು ಅಲ್ಲಿಗೇ ಮುಗಿಯುತ್ತದೆ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ನನ್ನನ್ನು ಎಲ್ಲರೂ ಒಂದು ಕಡೆ ಕೂರದವನು ಅನ್ನುತ್ತಾರೆ. ನಿಜ. ಕೇಬಲ್ ಟಿವಿ ಕೆಲಸ ಮಾಡಿದೆ, ಲಿಫ್ಟ್ ರಿಪೇರಿಯವರ ಜೊತೆ ಹೋದೆ, ಮೊಬೈಲ್ ಕವರ್ ಮಾರಿದೆ, ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ನೋಡಿಕೊಂಡೆ, ಈಗ ಈ ಆಡಿಯೋ ಅಂಗಡಿ. ಒಂದು ಕಡೆ ಕೂತು ಅರ್ಧ ಗಂಟೆಯಾದರೆ ನನಗೆ ಯಾರಿಗೋ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಇನ್ನೊಂದು ಕಡೆ ಯಾರೋ ಬಾಗಿಲು ನೋಡುತ್ತ ಕೂತಿದ್ದಾರೆ ಅನ್ನಿಸುತ್ತದೆ. ಇರಲಿ, ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.

ವಿಷಯ ಏನೆಂದರೆ, ಬರುವ ವಾರ ಚಿಕ್ಕಜ್ಜಿ ತಮ್ಮ ಮಗಳ ಊರಿಗೆ ಹೋಗುತ್ತಿದ್ದಾರೆ. ಇಲ್ಲಿಯ ಮನೆಗೆ ಮೆಟ್ಟಿಲು ಜಾಸ್ತಿ, ಅಲ್ಲಿ ನೆಲಮಹಡಿ. ಸಾಮಾನು ಕಟ್ಟಿ ಆಗಿದೆ. ಅಜ್ಜಿಗೆ ಇದು ಗೊತ್ತಿದೆ. ಹೋಗಿ ಮಾತಾಡಿಸಿ ಎಂದು ನಾನು ಹೇಳಿದರೆ, “ಅವಳು ಮೊದಲು ಆ ಸಾಲಿನ ವಿಷಯ ಒಪ್ಪಿಕೊಳ್ಳಲಿ” ಅಂತಾರೆ. ಆ ಕಡೆ ಹೋಗಿ ಹೇಳಿದರೆ, “ಅಕ್ಕ ಒಪ್ಪಿಕೊಳ್ಳಲಿ, ನಾನೇ ಅವಳ ಮನೆ ಮೆಟ್ಟಿಲು ಹತ್ತಿ ಹೋಗ್ತೀನಿ” ಅಂತಾರೆ.

ಇದನ್ನು ಕೇಳಿದ ಡಾಕ್ಟರಿಗೆ ಒಂದು ಯೋಚನೆ ಬಂತು. ಬಹಳ ಒಳ್ಳೆಯ ಕನ್ವರ್ಟರ್ ತಂದರೆ ಎರಡು ದನಿಗಳೂ ಬೇರೆ ಬೇರೆಯಾಗಿ ಕೇಳಿಸುತ್ತವೆ, ನಿಂತದ್ದು ಯಾವುದು, ಮೇಲಕ್ಕೆ ಹೋದದ್ದು ಯಾವುದು ಎಂದು ಯಂತ್ರವೇ ಒಡೆದು ತೋರಿಸುತ್ತದೆ, ಜಗಳ ಮುಗಿಯುತ್ತದೆ! ಇಡೀ ಸಂಘ ತಲೆ ಆಡಿಸಿತು. ಅಕ್ಕ ತಂಗಿಯರ ಜಗಳ ಬಿಡಿಸಲು ಜನ ಹಿರಿಯರನ್ನು ಕರೆಯುತ್ತಾರೆ, ಇಲ್ಲ ವಕೀಲರನ್ನು ಕರೆಯುತ್ತಾರೆ. ಪೆಟ್ಟಿಗೆ ತರಿಸಿದವರು ನಾವೇ ಇರಬೇಕು.

ಪ್ರೆಸ್ಸಿನ ಮಹಡಿಯ ಮೇಲೆ ಸಂಘದ ಕೋಣೆ ಇದೆಯಲ್ಲ, ಅಲ್ಲಿ ಮೊದಲ ಪರೀಕ್ಷೆ ನಡೆಯಿತು. ಆ ಟೇಪಿನ ಹಾಡನ್ನು ನಾನು ಮೊದಲೇ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆ. ಎರಡೂ ಯಂತ್ರಗಳಿಗೆ ಪರದೆ ಕಟ್ಟಿದೆವು. ಯಾವುದು ಹಾಡುತ್ತಿದೆ ಎಂದು ಕಾಣಬಾರದು. ಪರದೆಯ ಮುಂದೆ ಸಂಘದವರು, ಒಂದೊಂದು ಮೂಲೆಯಲ್ಲಿ ಅಜ್ಜಿ ಮತ್ತು ಚಿಕ್ಕಜ್ಜಿ. ಪರದೆಯ ಹಿಂದೆ ಕಾರ್ಯದರ್ಶಿಗಳು ರಿಮೋಟು ಹಿಡಿದು ಕೂತರು. ಒಂದು ಗುಂಡಿ ಒತ್ತಿದರೆ ಎರಡಕ್ಕೂ ತಂತಿ ಕೊಟ್ಟಿರುವ ಆಂಪ್ಲಿಫೈಯರ್ ಬೆಳ್ಳಿಯದನ್ನು ಹಾಡಿಸುತ್ತದೆ, ಇನ್ನೊಂದು ಒತ್ತಿದರೆ ಕರಿಯದನ್ನು. “ಈಗ ಮೊದಲನೆಯದು” ಎಂದು ಹೇಳಿ ಒತ್ತಿದರು. ಹಾಡು ಬಂತು. “ಈಗ ಎರಡನೆಯದು” ಎಂದು ಒತ್ತಿದರು. ಹಾಡು ಬಂತು. ಆ ದನಿಯಲ್ಲಿ ಎಂಥ ಗಾಂಭೀರ್ಯ! ರೈಲು ನಿಲ್ದಾಣದಲ್ಲೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಡಾಕ್ಟರು ಕಣ್ಣು ಮುಚ್ಚಿಕೊಂಡೇ ಅಂದರು: “ಎರಡನೇದು ಬಂದಾಗ ಯಾರೋ ಕಿಟಕಿ ತೆಗೆದ ಹಾಗಾಯ್ತು ರೀ.”

ಯಜಮಾನರು ಅಂದರು: “ಮೊದಲನೇದು ತುಂಬಿಕೊಂಡಿತ್ತು. ಎರಡನೇದು ಬರೀ ಚುರುಕು. ಚುರುಕೇ ಬೇಕಾದ್ರೆ ಮೆಣಸಿನಕಾಯಿ ಕಚ್ಚಬಹುದು.”

ಅಜ್ಜಿ ಅಂದರು: “ಮೊದಲನೇದರಲ್ಲಿ ಕನ್ನಡಿ ಹಿಡಿದ ಹಾಗಿತ್ತು. ಆ ಸಾಲು ನಾನೇ. ಇನ್ನು ಮಾತೇ ಬೇಡ.”

ಚಿಕ್ಕಜ್ಜಿ ನನ್ನ ಕಡೆ ತಿರುಗಿದರು: “ಅಲ್ಲಿ ಕೂತಿರೋರಿಗೆ ಹೇಳಪ್ಪಾ, ಎರಡನೇದರಲ್ಲಿ ನನ್ನ ದನಿ ನನಗೆ ಗೊತ್ತಾಗದೇ ಇರುತ್ತಾ ಅಂತ.”

ಕೈ ಎತ್ತಿಸಿದರು. ಹೆಚ್ಚು ಕೈಗಳು ಎರಡನೆಯದಕ್ಕೆ. ನನ್ನದೂ ಎರಡನೆಯದಕ್ಕೇ. ನನಗೂ ಕಿಟಕಿ ತೆಗೆದ ಹಾಗೇ ಆಗಿತ್ತು.

ಡಾಕ್ಟರು ಸಂತೋಷದಿಂದ ಎದ್ದು ಪರದೆ ಸರಿಸಿದರು. ಆಂಪ್ಲಿಫೈಯರಿನ ಮುಂದೆ ಎರಡು ಸಣ್ಣ ದೀಪ ಇವೆ, ಯಾವುದು ಹಾಡುತ್ತಿದೆಯೋ ಅದರ ದೀಪ ಉರಿಯಬೇಕು. ಉರಿಯುತ್ತಿದ್ದದ್ದು ಬೆಳ್ಳಿಯದರ ದೀಪ. ಡಾಕ್ಟರು, “ಈಗ ಕರಿಯದು ಒತ್ತಿ” ಅಂದರು. ಕಾರ್ಯದರ್ಶಿಗಳು ಒತ್ತಿದರು. ಬೆಳ್ಳಿಯದೇ. ಇನ್ನೂ ಜೋರಾಗಿ ಒತ್ತಿದರು. ಬೆಳ್ಳಿಯದೇ. ರಿಮೋಟಿನ ಬೆನ್ನು ತೆಗೆದು ನೋಡಿದರೆ ಒಳಗೆ ಸೆಲ್ಲುಗಳೇ ಇಲ್ಲ. ಕಾರ್ಯದರ್ಶಿಗಳು ನಿಧಾನವಾಗಿ ತಲೆ ಎತ್ತಿ ಗೋಡೆಯ ಗಡಿಯಾರವನ್ನು ನೋಡಿದರು. ಗಡಿಯಾರ ಬಹಳ ದಿನದ ನಂತರ ಸರಿಯಾದ ಸಮಯ ತೋರಿಸುತ್ತಿತ್ತು.

ನಗಬೇಡಿ, ನೀವೂ ಕೈ ಎತ್ತಿದವರೇ. ಕರಿಯ ಪೆಟ್ಟಿಗೆ ಅಂದು ಒಂದು ಅಕ್ಷರವನ್ನೂ ಹಾಡಿರಲಿಲ್ಲ. ಒಂದೇ ಯಂತ್ರ, ಒಂದೇ ಹಾಡು, ಆದರೂ ಕಿಟಕಿ ತೆರೆಯಿತು, ಮೆಣಸಿನಕಾಯಿ ಕಚ್ಚಿತು, ಅಜ್ಜಿ ಗೆದ್ದರು, ಚಿಕ್ಕಜ್ಜಿಯೂ ಗೆದ್ದರು. ಇದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರಿಗೂ ನಿಜವಾಗಿ ಕೇಳಿಸಿತ್ತು. ಕೇಳಬೇಕಾದ್ದನ್ನು ಮನೆಯಿಂದಲೇ ತಂದಿದ್ದೆವು, ಅಷ್ಟೇ.

ಎರಡನೆಯ ಪರೀಕ್ಷೆಗೆ ಡಾಕ್ಟರು ಓದಿಕೊಂಡು ಬಂದರು. ಇದು ಅವರ ದೊಡ್ಡ ಗುಣ, ಸೋತ ಮರುದಿನ ಓದುತ್ತಾರೆ. ಅವರು ಹೇಳಿದ ಮುಖ್ಯ ವಿಷಯ ಇದು. ಎರಡು ಯಂತ್ರಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ಎಳ್ಳಿನಷ್ಟು ಜೋರಿದ್ದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಜೋರಾಗಿದೆ ಎಂದು ಗೊತ್ತಾಗುವುದಿಲ್ಲ, ಚೆನ್ನಾಗಿದೆ ಎಂದೇ ಗೊತ್ತಾಗುತ್ತದೆ. ಸಭೆಗಳಲ್ಲೂ ಹೀಗೇ ಅಲ್ಲವೇ? ನಮ್ಮ ಅಂಗಡಿಯಿಂದ ಮೀಟರು ತಂದು, ಒಂದೇ ಸಮನಾದ ‘ಕುಂಯ್’ ಸದ್ದು ಹಾಕಿ, ಸ್ಪೀಕರಿನ ತಂತಿಯ ಬಳಿ ಅಳೆದೆವು. ಕರಿಯದು ಸ್ವಲ್ಪ ಜೋರಿತ್ತು. ತಗ್ಗಿಸಿ ಸಮ ಮಾಡಿದೆವು. ರಿಮೋಟಿಗೆ ಹೊಸ ಸೆಲ್ಲು ಹಾಕಿದೆವು. ಗಡಿಯಾರಕ್ಕೂ ಬೇರೆ ಹಾಕಿದೆವು, ಮತ್ತೆ ಆಸೆ ಹುಟ್ಟಬಾರದು ಎಂದು.

ಈ ಸಲ ಕೇಳಿದರೆ? ವ್ಯತ್ಯಾಸ ಇದೆಯೋ ಇಲ್ಲವೋ ಎಂದು ಹೇಳಲು ಡಾಕ್ಟರಿಗೂ ಆಗಲಿಲ್ಲ, ಯಜಮಾನರಿಗೂ ಆಗಲಿಲ್ಲ. ಒಂದು ಸಲ ಸರಿ, ಒಂದು ಸಲ ತಪ್ಪು, ಕಾಸು ಚಿಮ್ಮಿ ಹೇಳಿದ ಹಾಗೆ. ದನಿಗಳು ಬೇರೆಯಾದವೇ ಎಂದರೆ, ಅದೂ ಇಲ್ಲ. ಒಂದೇ ಮೈಕಿಗೆ ಬಿದ್ದು ಟೇಪಿನಲ್ಲಿ ಕೂಡಿಹೋದ ಎರಡು ದನಿಗಳನ್ನು ಕನ್ವರ್ಟರ್ ಬಿಡಿಸಿ ಕೊಡುವುದಿಲ್ಲ, ಅದು ಎಷ್ಟೇ ದೊಡ್ಡದಿರಲಿ. ಅಲ್ಲಿ ಇರುವುದನ್ನು ಅದು ಕೆಡಿಸದೆ ಮುಟ್ಟಿಸುತ್ತದೆ. ಅದಕ್ಕಿಂತ ಹೆಚ್ಚು ಕೇಳುವುದು ನಮ್ಮ ತಪ್ಪು.

ಹಾಗಾದರೆ ಯಂತ್ರ ಆರಿಸುವುದು ಹೇಗೆ? ನಾವು ಒಂದೊಂದು ವಾರ ಎರಡನ್ನೂ ಕೋಣೆಯಲ್ಲಿ ಇಟ್ಟುಕೊಂಡು ಬಳಸಿದೆವು. ಕರೆಂಟು ಹೋಗಿ ಬಂದರೆ ಕರಿಯದು ಇಂಟರ್ನೆಟ್ಟನ್ನು ಮರೆಯುತ್ತದೆ, ಮೊದಲಿನಿಂದ ಪರಿಚಯ ಮಾಡಿಸಬೇಕು. ಬೆಳ್ಳಿಯದು ತಾನೇ ಎದ್ದು ಕೂರುತ್ತದೆ. ಕರಿಯದನ್ನು ಫೋನಿನಿಂದಲೇ ನಡೆಸಬೇಕು, ಬೆಳ್ಳಿಯದಕ್ಕೆ ಮುಂದೆ ದೊಡ್ಡ ತಿರುಗುಗುಂಡಿ ಇದೆ. ಯಜಮಾನರು, “ನನ್ನ ಹೆಬ್ಬೆರಳಲ್ಲಿ ಸದಾ ಶಾಯಿ, ನನ್ನನ್ನ ಫೋನೇ ಗುರುತು ಹಿಡಿಯಲ್ಲ” ಅಂದರು. ಕರಿಯದು ಮುಚ್ಚಿದ ಬೀರುವಿನಲ್ಲಿ ಬಿಸಿಯಾಗುತ್ತದೆ. ಬೆಳ್ಳಿಯದನ್ನು ರಿಪೇರಿ ಮಾಡುವವರು ಇದೇ ಊರಿನಲ್ಲಿದ್ದಾರೆ. ಡಾಕ್ಟರು ಒಂದು ಸಂಜೆ ಅಳತೆಗಳ ಹಾಳೆ ತಂದು, “ಕಾಗದದ ಮೇಲೆ ಕರಿಯದೇ ಮೇಲು” ಎಂದು ತೋರಿಸಿದರು. ನಿಜ, ಮೇಲಿತ್ತು. ಆಮೇಲೆ ಅವರೇ ಹಾಳೆ ಮಡಚಿ ಜೇಬಿಗಿಟ್ಟು, “ಕೇಳಿಸದ ಮೇಲುತನ ಇಟ್ಕೊಂಡು ಏನು ಮಾಡೋಣ, ಬೆಳ್ಳೀದೇ ಇರಲಿ” ಅಂದರು. ಯಜಮಾನರು ಆ ದಿನ ಅವರಿಗೆ ಚಹಾ ಕೊಡಿಸಿದರು. ಇವತ್ತು ದೂರ ಕೂತಿರುವುದು ಸ್ಪೀಕರನ್ನು ಗೋಡೆಗೆ ಎಷ್ಟು ಹತ್ತಿರ ಇಡಬೇಕು ಎಂಬ ಹೊಸ ವಿಷಯಕ್ಕೆ.

ಆಯ್ಕೆಯ ವಿಷಯ ಇಲ್ಲಿಗೆ ಮುಗಿಯಿತು. ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಅವರಿಗೂ ಗಡಿಯಾರಕ್ಕೂ ಇರುವ ನಂಟು ನಿಮಗೆ ಗೊತ್ತೇ ಇದೆ.

ಹೆಸರು ಹೇಳುವುದು ಉಳಿದಿದೆ.

ಎರಡನೆಯ ಪರೀಕ್ಷೆಯ ದಿನವೂ ಅಜ್ಜಿ, ಚಿಕ್ಕಜ್ಜಿ ಇಬ್ಬರನ್ನೂ ಕರೆತಂದಿದ್ದೆ. ಸ್ಪೀಕರಿನ ಸದ್ದು ಸರಿಯಾಗಿ ಕೂಡುವ ಜಾಗ ಕೋಣೆಯಲ್ಲಿ ಒಂದೇ. ಎರಡು ಸ್ಪೀಕರಿಗೂ ಸಮದೂರದಲ್ಲಿ ಕೂರಬೇಕು. ಅಲ್ಲಿ ಇಬ್ಬರು ಕೂರುವ ಒಂದು ಸೋಫಾ ಇದೆ. ಇಬ್ಬರಲ್ಲಿ ಯಾರೂ ಬದಿಯ ಕುರ್ಚಿಗೆ ಒಪ್ಪಲಿಲ್ಲ. ಕೊನೆಗೆ ನಡುವೆ ಚಿಕ್ಕಜ್ಜಿಯ ಕೈಚೀಲ ಇಟ್ಟುಕೊಂಡು ಕೂತರು. ಹಾಡು ಹಾಕಿದೆ. ಈ ಸಲ ಮೊದಲನೆಯದು, ಎರಡನೆಯದು ಎಂದು ಯಾರೂ ಕೂಗಲಿಲ್ಲ. ಸುಮ್ಮನೆ ಪೂರ್ತಿ ಹಾಡು. ಮೇಲಿನ ಸಾಲು ಬಂತು, ಹೋಯಿತು. ಚಿಕ್ಕಜ್ಜಿ ಕೈಚೀಲ ತೆಗೆದುಕೊಂಡು ಎದ್ದರು.

ಮೆಟ್ಟಿಲು ಇಳಿಯುವಾಗ ಅಜ್ಜಿ ನನ್ನ ಹೆಗಲು ಹಿಡಿದು ನಿಂತರು. “ಲೋ, ಆ ಉಸಿರು ನನ್ನದಲ್ಲ ಕಣೋ. ನಾನು ಅಲ್ಲಿ ಮಧ್ಯೆ ಒಂದು ಸಲ ಉಸಿರು ತೆಗೀತಿದ್ದೆ, ಎಷ್ಟು ಸಾಧನೆ ಮಾಡಿದ್ರೂ ಹೋಗಲಿಲ್ಲ. ಟೇಪಿನಲ್ಲಿ ತೆಗೆದೇ ಇಲ್ಲ. ಅವಳೇ. ನೀನು ಅವಳಿಗೆ ಹೇಳಬೇಡ, ತಲೆ ಮೇಲೆ ಕೂರ್ತಾಳೆ.”

ಆಮೇಲೆ ಚಿಕ್ಕಜ್ಜಿಯನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಗೇಟಿನ ಹತ್ತಿರ ಇಳಿದು, ಕೆಳಗೆ ಜಗಲಿಯಲ್ಲಿ ಆಗಲೇ ಕಟ್ಟತೊಡಗಿದ್ದ ಸಾಮಾನಿನ ಕಡೆ ನೋಡುತ್ತ ಅಂದರು: “ಮೇಲಕ್ಕೆ ಹೋಗುವಾಗ ನನಗೆ ಯಾವಾಗಲೂ ಹೆದರಿಕೆ. ದನಿ ಒಂದು ಚೂರು ನಡುಗೋದು. ಟೇಪಿನಲ್ಲಿ ಹೆದರಿಕೆನೇ ಇಲ್ಲವಲ್ಲೋ. ಅದು ಅಕ್ಕನೇ. ಹೋಗಿ ಊದಬೇಡ ಮತ್ತೆ, ಇಷ್ಟು ವರ್ಷದ ನಂತರ ನನಗೆ ನಾಚಿಕೆ.”

ಒಂದು ಮನೆಯ ಮಾತನ್ನು ಹೇಳಬೇಡ ಅಂದ ಮೇಲೆ ಇನ್ನೊಂದು ಮನೆಗೆ ನಾನು ಒಯ್ದವನಲ್ಲ. ಆ ಒಂದು ವಿಷಯದಲ್ಲಿ ಇಬ್ಬರಿಗೂ ನನ್ನ ಮೇಲೆ ನಂಬಿಕೆ ಇತ್ತು. ಇತ್ತು ಅಂತಲೇ ಹೇಳುತ್ತೇನೆ, ಯಾಕೆಂದರೆ ಈಗ ಹೇಳಿಬಿಟ್ಟೆ. ಇಬ್ಬರ ಎದುರಿಗೂ, ಮೈಕಿನಲ್ಲಿ, ಒಂದೇ ಮಟ್ಟದ ಸದ್ದಿನಲ್ಲಿ.

ಆದ್ದರಿಂದ ಸಭಿಕರೇ, ಹೆಸರು ಹೇಳುವುದು ನನ್ನಿಂದ ಆಗುವುದಿಲ್ಲ. ಇಷ್ಟು ವರ್ಷ ಇಬ್ಬರೂ ನಾನು ನಾನು ಅಂದರು. ಈಗ ಇಬ್ಬರೂ ಅವಳು ಅವಳು ಅನ್ನುತ್ತಿದ್ದಾರೆ. ಟೇಪಿನಲ್ಲಿ ಆ ಸಾಲು ಹಾಡಿದ್ದು ಒಬ್ಬರೇ, ಒಬ್ಬರ ಮಾತು ತಪ್ಪಿರಲೇಬೇಕು. ಯಾರದೆಂದು ಅವರಿಬ್ಬರೇ ಕೂತು ತೀರ್ಮಾನಿಸಲಿ. ಮಾತಾಡದೆ ಅದು ತೀರ್ಮಾನವಾಗುವುದಿಲ್ಲ.

ಅಜ್ಜಿ ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ ಇವತ್ತು ನನಗೆ ಮನೆಯಲ್ಲಿ ಊಟ ಇಲ್ಲ. ಚಿಕ್ಕಜ್ಜಿ ಎದ್ದಿದ್ದಾರೆ. ಮೂರನೆಯ ಸಾಲಿನವರು ದಯವಿಟ್ಟು ಕಾಲು ಒಳಗೆ ಎಳೆದುಕೊಳ್ಳಿ, ಅವರಿಗೆ ದಾರಿ ಬಿಡಿ. ಅವರು ಊರಿಕೊಂಡು ಬರುವ ಕೋಲಿಗೆ ಯಾರ ಚಪ್ಪಲಿಯೂ ಅಡ್ಡ ಬರದಿರಲಿ. ಬಾಗಿಲೂ ಆ ಕಡೆಯೇ ಇದೆ, ಬಾಗಿಲಿಗೆ ಹೊರಟರೋ ಏನೋ ಇಲ್ಲಿಂದ ನನಗೆ ತಿಳಿಯುತ್ತಿಲ್ಲ.

ಇಲ್ಲ. ಬಾಗಿಲಿಗಲ್ಲ.

ಡಾಕ್ಟರೇ, ಕೈ ಬಿಚ್ಚಿ ಸ್ವಲ್ಪ ಏಳಿ. ಅಜ್ಜಿಯ ಪಕ್ಕದ ಆ ಕುರ್ಚಿ ಬೇಕಾಗಿದೆ. ಯಜಮಾನರ ಪಕ್ಕದಲ್ಲಿ ಒಂದು ಖಾಲಿ ಇದೆ, ನೀವು ಅಲ್ಲಿಗೆ ಹೋಗಬಹುದು, ನಿಮಗೂ ಒಳ್ಳೆಯದು.

ಕೂತರು. ಏನೋ ಹೇಳುತ್ತಿದ್ದಾರೆ. ಅಜ್ಜಿ ತಲೆ ಆಡಿಸುತ್ತಿದ್ದಾರೆ, ಇಲ್ಲ ಇಲ್ಲ ಎಂದು. ಚಿಕ್ಕಜ್ಜಿ ಬೆರಳು ತೋರಿಸಿ ಇನ್ನೂ ಜೋರಾಗಿ ಹೇಳುತ್ತಿದ್ದಾರೆ. ಜಗಳವೇ ಇರಬೇಕು. ನೇರ ಜಗಳ, ನಡುವೆ ನಾನಿಲ್ಲದೆ. ಮುಂದಿನ ಸಾಲಿನವರು ಕಿವಿ ಕೊಡಬೇಡಿ, ಅದು ನಮಗೆ ಹೇಳುತ್ತಿರುವುದಲ್ಲ.

ಕಾರ್ಯದರ್ಶಿಗಳೇ, ಹಾಡು ಹಾಕುವುದು ಸ್ವಲ್ಪ ತಡವಾಗಲಿ. ಅವರ ಮಾತು ಮುಗಿಯಲಿ. ಮುಗಿಯದಿದ್ದರೆ ಹಾಡು ಇನ್ನೊಂದು ದಿನ ಕೇಳೋಣ, ಯಂತ್ರ ಎಲ್ಲಿಗೂ ಹೋಗುವುದಿಲ್ಲ. ನಾನೂ ಅವರ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ನೋಡಿದ್ದೇನೆ, ಹೋಗಿ ಕೂರುತ್ತೇನೆ. ಮಾತಾಡಲು ಕರೆದ ಸಂಘಕ್ಕೂ, ಇಷ್ಟು ಹೊತ್ತು ಕೇಳಿದ ನಿಮಗೂ, ಕಾಲು ಎಳೆದುಕೊಂಡ ಮೂರನೆಯ ಸಾಲಿನವರಿಗೆ ವಿಶೇಷವಾಗಿಯೂ, ನನ್ನ ಧನ್ಯವಾದ. ನಮಸ್ಕಾರ.